ಇನ್ನೊಂದು ವಾರದ ಕಾವು

“ಗುರುವೇ, ನಮಗೆ ಹೊಂದಿಕೊಳ್ಳದವನನ್ನು ನಮ್ಮ ನಡುವೆ ಇಟ್ಟುಕೊಳ್ಳಬೇಕೋ, ಕೈಮುಗಿದು ಕಳಿಸಬೇಕೋ?”

ಕೇಳಿದವನು ಜವರಯ್ಯ. ಭಜನೆ ಮನೆಯ ಜಗುಲಿಯಲ್ಲಿ ಗುರು ಮುದ್ದಯ್ಯನವರು ತಂಬೂರಿಯ ಬುರುಡೆಯನ್ನು ಹಳೆಯ ಬಟ್ಟೆಯಿಂದ ಒರೆಸುತ್ತ ಕುಳಿತಿದ್ದರು. ಸಂಜೆಯ ದೀಪ ಹಚ್ಚಲು ಇನ್ನೂ ಹೊತ್ತಿತ್ತು.

ಹೊಂದಿಕೊಳ್ಳದವನು ಎಂದರೆ ಕಾಳಿಂಗ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವನು. ಸುತ್ತಿಗೆ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವನಿಗೆ ಕೂಗುವುದೇ ಮಾತಾಗಿಹೋಗಿತ್ತು. ಭಜನೆಗೆ ಬರತೊಡಗಿ ತಿಂಗಳು ತುಂಬಿರಲಿಲ್ಲ, ಅಷ್ಟರಲ್ಲೇ ಎಲ್ಲರೂ ರೋಸಿಹೋಗಿದ್ದರು. ಶ್ರುತಿ ಒಂದು ಕಡೆ ಇದ್ದರೆ ಅವನು ಇನ್ನೊಂದು ಕಡೆ. ಹಾಡಿನ ನಡುವೆ ತಾಳ ನಿಲ್ಲಿಸಿ “ಇದರ ಅರ್ಥ ಏನು?” ಎಂದು ಕೇಳಿಬಿಡುತ್ತಿದ್ದ. ನಿನ್ನೆ ಹಳಬರೆಲ್ಲ ಒಟ್ಟಾಗಿ ಬಂದು, ಅವನಿದ್ದರೆ ನಾವಿಲ್ಲ ಎಂದು ಹೇಳಿ ಹೋಗಿದ್ದರು. ಇವತ್ತು ಸಂಜೆ ಕಾಳಿಂಗನಿಗೆ ಮಾತು ತಿಳಿಸಬೇಕಾದವನು ಜವರಯ್ಯ.

ಗುರುಗಳ ನಂತರ ಈ ಮನೆ ನಡೆಸುವವನು ಜವರಯ್ಯನೇ ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಅವನ ತಾಳ ತಪ್ಪಿದರೆ ಹಾಡೇ ತಪ್ಪಿತೇನೋ ಎನ್ನುವಂತಿತ್ತು. ಬಂದ ಹೊಸದರಲ್ಲಿ ಹಾಗಿರಲಿಲ್ಲ. ಅವನ ತಾಳಕ್ಕೆ ಹಾಡು ಎಡವಿ ಬೀಳುತ್ತಿತ್ತು. ಎರಡು ಸುಗ್ಗಿ ಕಳೆಯುವ ತನಕ ಗುರುಗಳು ಅವನ ತಾಳಕ್ಕೆ ಬಟ್ಟೆ ಸುತ್ತಿ, ಸದ್ದಾಗದಂತೆ ಮಾಡಿ, ತಮ್ಮ ಮೊಣಕಾಲ ಪಕ್ಕದಲ್ಲೇ ಅವನನ್ನು ಕೂರಿಸಿಕೊಳ್ಳುತ್ತಿದ್ದರು. ಅದು ಹಳೆಯ ಮಾತು. ಯಾರೂ ಎತ್ತುತ್ತಿರಲಿಲ್ಲ, ಜವರಯ್ಯನಂತೂ ಎತ್ತುತ್ತಲೇ ಇರಲಿಲ್ಲ.

ಗುರುಗಳು ಬಟ್ಟೆಯನ್ನು ಮಗ್ಗುಲು ಬದಲಿಸಿ ಹಿಡಿದರು.

“ಒಂದು ಕೋಳಿ ಕತೆ ಇದೆ,” ಎಂದರು. “ಭಜನೆ ಮನೆಯಲ್ಲಿ ಕೋಳಿ ಮಾತೇ ಎಂದು ಮೂಗು ಮುರಿಯಬೇಡ. ದಿನಾ ಬೆಳಗ್ಗೆ ನಿನ್ನನ್ನು ಎಬ್ಬಿಸುವುದು ನಾನಲ್ಲ.”

ಹಾಗೆಂದು ಗುರುಗಳು ಹೇಳಿದ ಕತೆ ಇದು.

ಒಂದೂರಿನಲ್ಲಿ ಕೆಂಪಾಜಮ್ಮ ಎಂಬ ಹೆಂಗಸು ಇದ್ದಳು. ಊರಿನ ಕೊನೆಯ ಮನೆ ಅವಳದು. ಹಿತ್ತಲಿನ ಆಚೆ ಬಂಡೆಗುಡ್ಡ, ಗುಡ್ಡದ ತುಂಬ ಹದ್ದು. ಹಿತ್ತಲಲ್ಲಿ ಅವಳು ನಾಟಿ ಕೋಳಿ ಸಾಕಿದ್ದಳು. ಒಳ್ಳೆಯ ಕೋಳಿಗಳು. ಸಂಜೆ ಅವಳು ಬಾ ಬಾ ಬಾ ಎಂದರೆ ಸಾಲಾಗಿ ಬಂದು ಮಂಕರಿ ಬುಟ್ಟಿಯ ಕೆಳಗೆ ಸೇರಿಕೊಳ್ಳುತ್ತಿದ್ದವು. ಅವುಗಳ ಸಾಧುತನವನ್ನು ಊರೇ ಹೊಗಳುತ್ತಿತ್ತು. ಹದ್ದೂ ಹೊಗಳುತ್ತಿತ್ತೋ ಏನೋ, ವಾರಕ್ಕೊಂದು ಮರಿಯನ್ನು ಎತ್ತಿಕೊಂಡು ಹೋಗುತ್ತಿತ್ತು. ಹುಂಜ ಇತ್ತು. ಅದು ಬೆಳಗಾದದ್ದನ್ನು ಊರಿಗೆಲ್ಲ ಸಾರುತ್ತಿತ್ತು, ಹದ್ದು ಬಂದದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಹೀಗಿರುವಾಗ, ಗಂಡನ ಮನೆಯಲ್ಲಿದ್ದ ಮಗಳು ದೇವೀರಿಗೆ ಮೂರು ತಿಂಗಳು ತುಂಬಿದೆ ಎಂಬ ಸುದ್ದಿ ಬಂತು. ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುತ್ತಾಳೆ. ಆ ಸೀಮೆಯಲ್ಲಿ ಬಾಣಂತಿಗೆ ಮೆಣಸು ಹಾಕಿದ ನಾಟಿ ಕೋಳಿ ಸಾರು ಕೊಡಬೇಕು, ಅದೂ ತಾಯಿ ತನ್ನ ಕೈಯಾರೆ ಸಾಕಿದ ಕೋಳಿಯದು. ಹಿತ್ತಲು ಬರಿದಾಗಿ ಅಂಗಡಿಯಿಂದ ಕೋಳಿ ತರಿಸಿದರೆ ಆ ಮಾತು ಬೀಗರ ಮನೆಗೆ ಬಾಣಂತಿಗಿಂತ ಮೊದಲೇ ತಲುಪುತ್ತದೆ. ಕೆಂಪಾಜಮ್ಮನಿಗೆ ಆ ನಾಚಿಕೆಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಅವಳ ತಾಯಿ ಅವಳಿಗೆ ಮಾಡಿದ್ದನ್ನು ಅವಳು ತನ್ನ ಮಗಳಿಗೆ ಮಾಡಬೇಕು. ಮಾಡದಿದ್ದರೆ ತಾನು ಏತರ ತಾಯಿ ಎಂದು ಅವಳಿಗೆ ಅನಿಸುತ್ತಿತ್ತು. ಹೆರಿಗೆಗೆ ಇನ್ನು ಆರು ತಿಂಗಳು. ಈಗ ಕಾವಿಗೆ ಕೂರಿಸಿದರೆ ಮರಿಗಳು ಆ ಹೊತ್ತಿಗೆ ಸರಿಯಾಗಿ ಬೆಳೆಯುತ್ತವೆ. ಬೆಳೆಯಲು ಹದ್ದು ಬಿಟ್ಟರೆ.

ಪಕ್ಕದ ಹಳ್ಳಿಯಲ್ಲಿ ಅವಳ ತಮ್ಮ ಚಲುವಯ್ಯ ಇದ್ದ. ಅವನ ತೋಟದಲ್ಲಿ ಗಿನಿಕೋಳಿಗಳಿದ್ದವು. ಬೂದು ಮೈಯ ತುಂಬ ಬಿಳಿ ಚುಕ್ಕೆ, ತಲೆ ಬೋಳು. ಹಾವು, ಹದ್ದು, ಹೊಸ ಮನುಷ್ಯ, ಏನು ಕಂಡರೂ ಊರು ಒಂದಾಗುವಂತೆ ಕೂಗುವ ಜಾತಿ. ಅಕ್ಕನ ಕಷ್ಟ ಕೇಳಿ ಅವನು ಒಂದು ಬುಟ್ಟಿ ಹೊಟ್ಟಿನಲ್ಲಿ ಎಂಟು ಗಿನಿಮೊಟ್ಟೆ ತಂದುಕೊಟ್ಟ.

“ಬೆಳ್ದಿರೋವನ್ನ ಕೊಟ್ರೆ ನಿಲ್ಲಾಕಿಲ್ಲ ಕಣಕ್ಕ, ಹಾರ್ಕಂಡು ನಮ್ಮನೆಗೇ ಬತ್ತವೆ,” ಎಂದ. “ನಿನ್ ಕೋಳಿ ಹೊಟ್ಟೆ ಕೆಳ್ಗೇ ಮರಿಯಾಗ್ಲಿ. ಆಗ ಇದೇ ಮನೆ ಅನ್ಕತವೆ.”

ಎಷ್ಟು ದಿನಕ್ಕೆ ಮರಿಯಾಗುತ್ತವೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹೇಳಲು ಅವನಿಗೂ ಗೊತ್ತಿರಲಿಲ್ಲ. ಅವನ ತೋಟದಲ್ಲಿ ಅವು ಪೊದೆಯೊಳಗೆ ಕದ್ದು ಕೂತು, ಒಂದು ದಿನ ಮರಿಗಳ ಜೊತೆ ಎದ್ದು ಬರುತ್ತಿದ್ದವು. ಕೋಳಿ ಎಂದ ಮೇಲೆ ಮೂರು ವಾರ, ಇದನ್ನೂ ಯಾರಾದರೂ ಕೇಳುತ್ತಾರೆಯೇ? ಕೆಂಪಾಜಮ್ಮ ಹಾಗೇ ಅಂದುಕೊಂಡಳು.

ಆಗ ಕಾವಿಗೆ ಬಂದಿದ್ದ ಕೋಳಿ ಒಂದೇ, ಕರಿ ಹ್ಯಾಟೆ. ಮೈ ದೊಡ್ಡದು, ಸ್ವಭಾವ ತಣ್ಣಗಿನದು. ಇರುವುದು ಒಂದೇ ಹೊಟ್ಟೆ, ಅದರಲ್ಲಿ ಅರ್ಧ ಖಾಲಿ ಬಿಡುವುದೇಕೆ ಎಂದು ಕೆಂಪಾಜಮ್ಮ ಎಂಟು ಗಿನಿಮೊಟ್ಟೆಯ ಜೊತೆಗೆ ಏಳು ಕೋಳಿಮೊಟ್ಟೆಯನ್ನೂ ಸೇರಿಸಿದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು, ಎರಡು ಒಣಮೆಣಸಿನಕಾಯಿ ಇಟ್ಟಳು. ಅವಳ ಅಜ್ಜಿ ಇಡುತ್ತಿದ್ದಳು, ಅವಳೂ ಇಟ್ಟಳು.

ಮೂರು ವಾರ ಆಯಿತು. ಕೋಳಿಮೊಟ್ಟೆ ಏಳೂ ಒಡೆದವು. ಗಿನಿಮೊಟ್ಟೆ ಒಂದೂ ಒಡೆಯಲಿಲ್ಲ. ಮಾರನೆಯ ದಿನ ಕರಿ ಹ್ಯಾಟೆ ಏಳು ಮರಿಗಳನ್ನು ಕರೆದುಕೊಂಡು ಬುಟ್ಟಿಯಿಂದ ಇಳಿಯಿತು. ಅದರ ಮಟ್ಟಿಗೆ ಕೆಲಸ ಮುಗಿದಿತ್ತು. ಎಂಟು ಮೊಟ್ಟೆ ಬುಟ್ಟಿಯಲ್ಲಿ ಉಳಿದವು.

ಪಕ್ಕದ ಮನೆಯ ಚೌಡಮ್ಮ ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ಕೆಟ್ಟವಳಲ್ಲ. ಕಷ್ಟಕ್ಕೆ ಬರುವವಳು, ಆದರೆ ಬರುವಾಗ ಒಂದು ಗಾದೆಯನ್ನೂ ಹಿಡಿದುಕೊಂಡು ಬರುವವಳು.

“ಎಸಿಯವ್ವ ಅತ್ಲಾಗೆ. ಮೂರ್ ವಾರಕ್ಕೆ ಒಡೀದಿದ್ದು ನಾಕ್ನೇ ವಾರಕ್ಕೆ ನಾತ ಹೊಡೀತದೆ. ಇರೋ ಏಳು ಮರೀನ ನೋಡ್ಕೊ. ಬಾಣಂತಿಗೆ ಅವೇ ಆಗೋದು.”

ಮಾತು ಸರಿಯಾಗಿಯೇ ಇತ್ತು. ಕೆಂಪಾಜಮ್ಮ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆಗೆ ಹೊರಟಳು. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಅರ್ಧ ದಾರಿಯಲ್ಲಿ ನಿಂತಳು. ಹಿಂದಕ್ಕೆ ಬಂದು, ಒಂದು ತಪ್ಪಲೆಯಲ್ಲಿ ಉಗುರುಬೆಚ್ಚಗೆ ನೀರು ಕಾಸಿ, ಮೊಟ್ಟೆಗಳನ್ನು ಒಂದೊಂದಾಗಿ ತೇಲಿಬಿಟ್ಟಳು. ಕೋಳಿ ಸಾಕುವವರು ಇದನ್ನು ಬಲ್ಲರು. ಸತ್ತ ಮೊಟ್ಟೆ ನೀರಿನಲ್ಲಿ ಸುಮ್ಮನೆ ತೇಲುತ್ತದೆ. ಒಳಗೆ ಜೀವ ಇದ್ದರೆ ಅಲ್ಲಾಡುತ್ತದೆ.

ಮೂರು ಮೊಟ್ಟೆ ಸುಮ್ಮನಿದ್ದವು. ಐದು ಅಲ್ಲಾಡಿದವು.

ಕೆಂಪಾಜಮ್ಮ ತಪ್ಪಲೆಯ ಮುಂದೆ ಕುಕ್ಕರಗಾಲಲ್ಲಿ ಬಹಳ ಹೊತ್ತು ಕುಳಿತಳು. ಇನ್ನು ಎಷ್ಟು ದಿನ ಬೇಕು? ಗೊತ್ತಿಲ್ಲ. ಒಡೆದರೂ ಅವು ಎಂಥವಾಗುತ್ತವೆ? ಗೊತ್ತಿಲ್ಲ. ಕಾವು ಕೊಡಬಲ್ಲ ಕೋಳಿ ಒಂದೇ, ಅದರ ಹಿಂದೆ ಏಳು ಮರಿ. ಕೋಳಿಯನ್ನು ಮತ್ತೆ ಬುಟ್ಟಿಗೆ ಹಾಕಿದರೆ ಮರಿಗಳು ತಾಯಿಯಿಲ್ಲದೆ ಒದ್ದಾಡುತ್ತವೆ. ಮರಿಗಳೊಂದಿಗೆ ಬಿಟ್ಟರೆ ಮೊಟ್ಟೆಗಳು ಸಂಜೆಯೊಳಗೆ ತಣ್ಣಗಾಗುತ್ತವೆ. ಮರಿಗಳು ಮಗಳಿಗೆ ಬೇಕಾದವು. ಮೊಟ್ಟೆಗಳಿಂದ ಹದ್ದು ಕಾಯುವ ಹಕ್ಕಿ ಬಂದೀತೆಂಬ ಆಸೆ ಆಗಲೇ ಬತ್ತಿತ್ತು. ಅವಳಿಗೆ ಅಳು ಬಂತು. ಮೊಟ್ಟೆಯ ಮುಂದೆ ಕೂತು ಅಳುವವರುಂಟೇ ಎಂದು ತನ್ನನ್ನೇ ಬೈದುಕೊಂಡಳು.

ಕೊನೆಗೆ ಎದ್ದು, ಐದು ಮೊಟ್ಟೆಗಳನ್ನು ಬುಟ್ಟಿಗೆ ಹಾಕಿ, ಕರಿ ಹ್ಯಾಟೆಯನ್ನು ಹಿಡಿದು ಅವುಗಳ ಮೇಲೆ ಕೂರಿಸಿ ಮಂಕರಿ ಮುಚ್ಚಿದಳು. ಕೋಳಿ ಮಂಕರಿಯನ್ನೇ ಉರುಳಿಸಿಬಿಡುವಂತೆ ರೆಕ್ಕೆ ಬಡಿಯಿತು. ಆಗ ಅವಳು ಮರಿಗಳನ್ನು ಇನ್ನೊಂದು ಬುಟ್ಟಿಯಲ್ಲಿ ಹಾಕಿ, ಅಮ್ಮನಿಗೆ ಅವುಗಳ ದನಿ ಕೇಳುವಷ್ಟು ಹತ್ತಿರದಲ್ಲಿ, ಒಲೆಯ ಬಿಸಿ ತಾಗುವಂತೆ ಇಟ್ಟಳು. ಮರಿಗಳು ಚಿಂವ್ ಎಂದರೆ ಕೋಳಿ ಕೊಕ್ ಎನ್ನುತ್ತಿತ್ತು. ಹಾಗೆ ಅನ್ನುತ್ತಲೇ ಕೂತಿತು. ಹಗಲೆಲ್ಲ ಕೆಂಪಾಜಮ್ಮನೇ ಮರಿಗಳಿಗೆ ತಾಯಿಯಾಗಿ ನುಚ್ಚು ಹಾಕಿದಳು, ಕತ್ತಲಾದ ಮೇಲೆ ಅವನ್ನೂ ಕೋಳಿಯ ರೆಕ್ಕೆಯಡಿಗೆ ತಳ್ಳಿದಳು.

ಒಂದು ಬೆಳಗ್ಗೆ ಎರಡು ಮರಿ ಸತ್ತಿದ್ದವು.

“ಇದ್ದದ್ದೂ ಹೋಯ್ತು ಮದ್ದಿನ ಗುಣದಿಂದ,” ಎಂದಳು ಚೌಡಮ್ಮ, ಗೋಡೆಯ ಮೇಲಿಂದ.

ಸತ್ತ ಮರಿಗಳನ್ನು ಮಣ್ಣು ಮಾಡಿ ಬಂದು, ಕೆಂಪಾಜಮ್ಮ ಮತ್ತೆ ನೀರು ಕಾಸಿ ಮೊಟ್ಟೆಗಳನ್ನು ತೇಲಿಬಿಟ್ಟಳು. ಐದೂ ಅಲ್ಲಾಡಿದವು. ಅವಳಿಗೆ ಅಷ್ಟು ಸಾಕಾಯಿತು.

ನಾಲ್ಕನೆಯ ವಾರದ ಕೊನೆಯಲ್ಲಿ ಮೊಟ್ಟೆಗಳು ಒಡೆದವು. ಒಂದು ಮರಿ ಚಿಪ್ಪಿನಲ್ಲೇ ಉಳಿಯಿತು, ನಾಲ್ಕು ಹೊರಗೆ ಬಂದವು. ಕರಿ ಹ್ಯಾಟೆ ಅವನ್ನು ತಲೆ ವಾರೆ ಮಾಡಿ ನೋಡಿತು. ಇವು ತನ್ನವೋ ಅಲ್ಲವೋ ಎಂದು ಅದಕ್ಕೂ ಸಂಶಯ ಬಂದಿರಬೇಕು. ಆಮೇಲೆ ರೆಕ್ಕೆ ಎತ್ತಿ ಒಳಗೆ ಸೇರಿಸಿಕೊಂಡಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಬದುಕಿದವರನ್ನು ಬಾಳಿಸುವುದು ಬದುಕಿಸುವುದಕ್ಕಿಂತ ಕಷ್ಟ.

ಗಿನಿಮರಿಗಳು ದೊಡ್ಡವಾದವು, ದನಿಯೂ ದೊಡ್ಡದಾಯಿತು. ಎಣ್ಣೆ ಕಾಣದ ಗಾಡಿ ಅಚ್ಚು ತಿರುಗಿದ ಹಾಗೆ ಆ ಕೂಗು. ಎಲೆ ಬಿದ್ದರೆ ಕೂಗಿದವು. ಬಿಂದಿಗೆ ಉರುಳಿದರೆ ಕೂಗಿದವು. ಚೌಡಮ್ಮ ಹೊಸ ಸೀರೆ ಉಟ್ಟು ಗೋಡೆಯ ಬಳಿ ಬಂದ ದಿನ ಅರ್ಧ ಗಂಟೆ ಕೂಗಿದವು. ಆ ದಿನದಿಂದ ಚೌಡಮ್ಮ ಗಾದೆ ಹೇಳುವುದನ್ನೇ ಬಿಟ್ಟು ಮುಖ ತಿರುಗಿಸಿದಳು. ಹುಂಜನ ಬಾಲದಲ್ಲಿ ಒಂದು ಗರಿಯೂ ಉಳಿಯದಂತೆ ಕಿತ್ತವು. ಸಂಜೆ ಬಾ ಬಾ ಬಾ ಎಂದರೆ ಕೋಳಿಗಳೆಲ್ಲ ಮಂಕರಿಗೆ ಬಂದವು, ಇವು ನಾಲ್ಕೂ ಬೇವಿನ ಮರ ಹತ್ತಿ ಕೂತವು. ಕರಿ ಹ್ಯಾಟೆ ದಿನಾ ಮರದ ಬುಡದಲ್ಲಿ ನಿಂತು, ಕತ್ತೆತ್ತಿ ಕರೆದು ಕರೆದು, ಕತ್ತಲಾದ ಮೇಲೆ ಒಂದೇ ಒಳಗೆ ಬರುತ್ತಿತ್ತು.

ದೇವೀರಿ ತವರಿಗೆ ಬಂದಳು. ಗಂಡು ಕೂಸು ಹೆತ್ತಳು. ಹದ್ದಿನ ಕಣ್ಣಿಗೆ ಬೀಳದಂತೆ ಮಂಕರಿಯಡಿಯಲ್ಲೇ ಸಾಕಿದ ಮೊದಲ ಸಲದ ಐದು ಮರಿ ಬೆಳೆದು ನಿಂತಿದ್ದವು, ಬಾಣಂತಿಯ ಸಾರಿಗೆ ಆ ತಿಂಗಳ ಮಟ್ಟಿಗೆ ಕೊರತೆಯಾಗಲಿಲ್ಲ. ಮುಂದಿನ ತಿಂಗಳುಗಳಿಗೆಂದು ಕರಿ ಹ್ಯಾಟೆ ಮತ್ತೆ ಕಾವಿಗೆ ಕೂತು ಹನ್ನೊಂದು ಮರಿ ಮಾಡಿತ್ತು. ಗಿನಿಕೋಳಿಗಳ ಕೂಗಿಗೆ ಕೂಸು ಬೆಚ್ಚಿ ಬೆಚ್ಚಿ ಎಚ್ಚರವಾಗುತ್ತಿತ್ತು. ಕೆಂಪಾಜಮ್ಮನಿಗೆ ಸಾಕೆನಿಸಿತು. ಕರೆದರೆ ಬರದವು, ಬುಟ್ಟಿಗೆ ಸೇರದವು ಮನೆಯವು ಹೇಗಾದಾವು? ನಾಳೆ ಬಂದು ನಿನ್ನ ಕೋಳಿಗಳನ್ನು ತೆಗೆದುಕೊಂಡು ಹೋಗು ಎಂದು ತಮ್ಮನಿಗೆ ಹೇಳಿ ಕಳಿಸಿದಳು.

ಮಾರನೆಯ ಬೆಳಗ್ಗೆ ಅವಳು ಬಚ್ಚಲಲ್ಲಿ ಕೂಸಿಗೆ ನೀರು ಹಾಕಲು ಕುಳಿತಳು. ಎರಡು ಕಾಲನ್ನೂ ಉದ್ದಕ್ಕೆ ನೀಡಿ, ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿ, ಬೆನ್ನಿಗೆ ಎಣ್ಣೆ ತಿಕ್ಕಿದ್ದಳು. ಕಾಲ ಮೇಲೆ ಎಣ್ಣೆ ಮೈಯ ಕೂಸಿರುವಾಗ ಹಿತ್ತಲಿಗೆ ಬೆಂಕಿ ಬಿದ್ದರೂ ಅಜ್ಜಿ ಏಳುವಂತಿಲ್ಲ. ಹಿತ್ತಲಲ್ಲಿ ಹನ್ನೊಂದು ಮರಿಗಳು ಮೇಯುತ್ತಿದ್ದವು.

ಆಗ ಗಿನಿಕೋಳಿಗಳು ಕೂಗಿದವು. ಎಲೆಗೆ ಕೂಗುವ ಕೂಗಲ್ಲ, ಬಿಂದಿಗೆಗೆ ಕೂಗುವ ಕೂಗಲ್ಲ. ನಾಲ್ಕೂ ಒಟ್ಟಿಗೆ, ಉಸಿರು ಬಿಡದೆ. ಈ ಕೂಗು ಬೇರೆ ಎಂಬುದು ಕೆಂಪಾಜಮ್ಮನಿಗೆ ಎದೆಯೊಳಗೇ ತಿಳಿಯಿತು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಬಿಸಿನೀರಿನ ತಂಬಿಗೆ. ರೆಕ್ಕೆಗಳ ಬಡಿತ ಕೇಳಿಸಿತು, ಆಮೇಲೆ ಸದ್ದೇ ಇಲ್ಲ. ಮರಿಗಳು ಹೋದವು ಎಂದುಕೊಂಡಳು. ಮುಂದಿನ ತಿಂಗಳುಗಳ ಸಾರು ಹೋಯಿತು. ಆದರೂ ಹದವಾಗಿ ನೀರು ಹಾಕಿ, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಮಗ್ಗುಲಿಗೆ ಕೊಟ್ಟು, ಒದ್ದೆ ಸೀರೆಯಲ್ಲೇ ಹಿತ್ತಲಿಗೆ ಓಡಿದಳು.

ಹಿತ್ತಲಲ್ಲಿ ಒಂದು ಮರಿಯೂ ಕಾಣಲಿಲ್ಲ. ಬೇಲಿಯ ಬುಡದಲ್ಲಿ ಮುಳ್ಳಿನ ರಾಶಿ ಇತ್ತು. ಅದರೊಳಗೆ ಕರಿ ಹ್ಯಾಟೆ ಮೈ ಉಬ್ಬಿಸಿಕೊಂಡು ಕೂತಿತ್ತು. ಅವಳು ಕೈ ಹಾಕಿ ರೆಕ್ಕೆ ಎತ್ತಿ ನೋಡಿದಳು. ಹನ್ನೊಂದು. ಮತ್ತೊಮ್ಮೆ ಎಣಿಸಿದಳು, ಹನ್ನೊಂದೇ. ಹುಂಜವೂ ಅಲ್ಲೇ ಅಡಗಿತ್ತು, ಬಾಲವಿಲ್ಲದ್ದರಿಂದ ಅದಕ್ಕೆ ಸುಲಭವಾಗಿತ್ತು. ಹಿತ್ತಲ ನಡುವೆ ನಾಲ್ಕು ಗಿನಿಕೋಳಿಗಳು ಬೋಳು ತಲೆ ಎತ್ತಿ ಆಕಾಶ ನೋಡುತ್ತ ನಿಂತಿದ್ದವು. ಅವು ಮಾತ್ರ ಅಡಗಿರಲಿಲ್ಲ. ಗುಡ್ಡದ ಕಡೆಗೆ ಹದ್ದು ಬರಿಗಾಲಲ್ಲಿ ಹಾರಿಹೋಗುತ್ತಿತ್ತು.

ಕೆಂಪಾಜಮ್ಮ ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. ಗೋಡೆಯ ಆಚೆಯಿಂದ ಚೌಡಮ್ಮ ಏನಾಯಿತೆಂದು ಕೇಳಿದಳು, ಮಾತು ಬಿಟ್ಟಿದ್ದೇನೆ ಎಂಬುದನ್ನೂ ಮರೆತು.

ಮಧ್ಯಾಹ್ನ ಚಲುವಯ್ಯ ಖಾಲಿ ಬುಟ್ಟಿ ಹಿಡಿದು ಬಂದ. ಅಕ್ಕ ಅವನಿಗೆ ಹೊಟ್ಟೆ ತುಂಬ ಊಟ ಹಾಕಿ ಹೇಳಿದಳು: “ಅವು ನಮ್ಮನೆ ಕೋಳಿ ಕಣಪ್ಪ. ಮರದ್ ಮೇಲೆ ಮಲೀಕತವೆ, ಅಷ್ಟೆ.”

ಗುರುಗಳು ಕತೆ ನಿಲ್ಲಿಸಿ ತಂಬೂರಿಯನ್ನು ಗೋಡೆಗೆ ಒರಗಿಸಿದರು.

ಜವರಯ್ಯನ ಮುಖ ತಿಳಿಯಾಯಿತು. ಹಳಬರಿಗೆ ಏನು ಹೇಳಬೇಕೆಂಬುದು ಸಿಕ್ಕಿತು ಎಂದುಕೊಂಡ. “ಕಾಳಿಂಗನೂ ಒಂದು ದಿನ ನಮ್ಮ ಉಪಯೋಗಕ್ಕೆ ಬರುತ್ತಾನೆ. ಇಟ್ಟುಕೊಳ್ಳಿ ಎನ್ನುತ್ತೀರಿ, ಅಲ್ಲವೇ?”

“ಬರಬಹುದು, ಬಾರದೆಯೂ ಇರಬಹುದು,” ಎಂದರು ಗುರುಗಳು. “ನಾನು ನಿನಗೆ ಹದ್ದಿನ ಕತೆ ಹೇಳಲಿಲ್ಲ. ತಪ್ಪಲೆಯ ಮುಂದೆ ಕೂತಾಗ ಆ ಹೆಂಗಸಿಗೆ ಹದ್ದು ಓಡಿಸುವ ಹಕ್ಕಿ ಕಾಣಿಸಿರಲಿಲ್ಲ. ಮೊಟ್ಟೆ ಅಲ್ಲಾಡಿತು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.”

ದಾರಿಯ ತಿರುವಿನಲ್ಲಿ ಕಾಳಿಂಗನ ದನಿ ಕೇಳಿಸಿತು. ನಿನ್ನೆ ಅರ್ಥ ಕೇಳಿ ಬೈಸಿಕೊಂಡ ಹಾಡನ್ನೇ ಅವನು ಒಬ್ಬನೇ, ಶ್ರುತಿ ತಪ್ಪಿ, ಕೂಗಿ ಹಾಡಿಕೊಳ್ಳುತ್ತ ಬರುತ್ತಿದ್ದ. ಕ್ವಾರಿಯಿಂದ ಕೆಲಸ ಮುಗಿಸಿ, ಮನೆಗೂ ಹೋಗದೆ ನೇರ ಬರುತ್ತಿರಬೇಕು. ಜವರಯ್ಯನ ಮುಖ ಮತ್ತೆ ಗಂಟಾಯಿತು.

“ಆದರೆ ಎಷ್ಟು ದಿನ ಕಾಯುವುದು ಗುರುವೇ? ಅದಕ್ಕೂ ಒಂದು ಲೆಕ್ಕ ಬೇಡವೇ? ಮಿಕ್ಕವರೆಲ್ಲ ಎದ್ದು ಹೋಗುತ್ತೇವೆ ಎನ್ನುತ್ತಿದ್ದಾರೆ.”

ಗುರುಗಳು ತಂಬೂರಿ ಒರೆಸಿದ ಹಳೆಯ ಬಟ್ಟೆಯನ್ನು ಕೊಡವಿದರು. ಅಂಚು ಸವೆದಿತ್ತು, ನಡುವೆ ಎರಡು ಕಡೆ ಹಿತ್ತಾಳೆಯ ಕಲೆ ದುಂಡಗೆ ಕೂತಿತ್ತು. ಅದನ್ನು ಮೆಲ್ಲಗೆ ಎರಡು ಸಲ ಮಡಿಸಿ, ಒಂದು ಜೊತೆ ತಾಳದ ಸಮೇತ ಜವರಯ್ಯನ ಮುಂದಿಟ್ಟರು.

“ಜವರಯ್ಯ, ನೀನು ಎಷ್ಟನೆಯ ವಾರಕ್ಕೆ ಒಡೆದ ಮೊಟ್ಟೆ?”

ಜವರಯ್ಯ ಬಟ್ಟೆಯನ್ನು ಬಿಡಿಸಿ ತಾಳಕ್ಕೆ ಸುತ್ತತೊಡಗಿದ.